ತಪ್ಪುಕಾಣಿಕೆಯ ಲೆಕ್ಕ

1997ರ ಡಿಸೆಂಬರ್. ಕ್ಯೋಟೊದಲ್ಲಿ ಹವಾಮಾನ ಒಪ್ಪಂದದ ಮಾತುಕತೆ ಆಗಷ್ಟೇ ಮುಗಿದಿತ್ತು. ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಹೇಳುವ ಮೈಕಲ್ ಸ್ಯಾಂಡೆಲ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಒಂದು ಲೇಖನ ಬರೆದರು: ಮಾಲಿನ್ಯದ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳುವುದು ಅನೈತಿಕ. ಅರ್ಥಶಾಸ್ತ್ರಜ್ಞರಿಂದ ಸಿಟ್ಟಿನ ಪತ್ರಗಳು ಬಂದವು. ಕಾಲೇಜಿನಲ್ಲಿ ಅವರಿಗೆ ಅರ್ಥಶಾಸ್ತ್ರ ಕಲಿಸಿದ್ದ ಮೇಷ್ಟ್ರೂ ಬರೆದರು. ಮಾತೇನೋ ಅರ್ಥವಾಯಿತು, ಆದರೆ ಆ ಪಾಠ ಹೇಳಿದವರು ಯಾರೆಂದು ಮಾತ್ರ ಹೊರಗೆ ಬಾಯಿಬಿಡಬೇಡ ಎಂಬುದು ಅವರ ಕೋರಿಕೆ.

ಸ್ಯಾಂಡೆಲ್ ಹಿಡಿದದ್ದು ದಂಡಕ್ಕೂ ಶುಲ್ಕಕ್ಕೂ ಇರುವ ಅಂತರವನ್ನು. ದಂಡ ಕಟ್ಟುವವನು ತಪ್ಪಿತಸ್ಥ, ಶುಲ್ಕ ಕಟ್ಟುವವನು ಗಿರಾಕಿ. ತಪ್ಪುಕಾಣಿಕೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಕೆ ಮರೆತವರು, ನೇಮ ಮುರಿದವರು ದೇವರ ಮುಂದೆ ಅದನ್ನಿಟ್ಟು ಕೈಮುಗಿಯುತ್ತಾರೆ. ಬರುವ ವರ್ಷ ಮಾಡಲಿರುವ ತಪ್ಪುಗಳಿಗೂ ಸೇರಿಸಿ ಮುಂಗಡ ಕಟ್ಟುತ್ತೇನೆ, ರಸೀದಿ ಕೊಡಿ ಎಂದು ಯಾರಾದರೂ ಕೇಳಿದರೆ ಅರ್ಚಕರು ಕಕ್ಕಾಬಿಕ್ಕಿಯಾದಾರು.

ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ದಂಡವೇ ಶುಲ್ಕವಾಗಿಬಿಡುವುದನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಕಂಡರು. ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ 10 ಶೆಕೆಲ್ ದಂಡ ಹಾಕಿಸಿದಾಗ ತಡವಾಗಿ ಬರುವವರ ಸಂಖ್ಯೆ ಹೆಚ್ಚುಕಮ್ಮಿ ಇಮ್ಮಡಿಯಾಯಿತು. ದಂಡ ತೆಗೆದ ಮೇಲೂ ಅದು ಇಳಿಯಲಿಲ್ಲ. ಒಮ್ಮೆ ಹೋದ ಸಂಕೋಚ ಮರಳಲಿಲ್ಲ.

ಹಾಗಾದರೆ ಅರ್ಥಶಾಸ್ತ್ರಜ್ಞರು ಪಾಪವನ್ನು ಮಾರಾಟಕ್ಕಿಟ್ಟವರೇ? ಕೇಂಬ್ರಿಜ್‌ನ ಆರ್ಥರ್ ಪಿಗೂ ಅವರಿಗೆ ಕಂಡದ್ದು ಪಾಪವಲ್ಲ, ಕೊಳೆ ಬಟ್ಟೆ. 1920ರಲ್ಲಿ ಮೊದಲು ಬಂದ 'ದಿ ಎಕನಾಮಿಕ್ಸ್ ಆಫ್ ವೆಲ್ಫೇರ್'ನಲ್ಲಿ ಅವರು ಕಾರ್ಖಾನೆಯ ಹೊಗೆಯಿಂದ ಊರವರಿಗೆ ಬೀಳುವ ಬಟ್ಟೆ ಒಗೆಯುವ ಖರ್ಚನ್ನು ಎತ್ತಿಕೊಂಡರು. ಆ ಖರ್ಚು ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ತೆರಿಗೆ ಹಾಕಿ ಅದನ್ನು ಅಲ್ಲಿ ಬರೆಸಬೇಕು. ಅವನು ಕೆಟ್ಟವನೋ ಒಳ್ಳೆಯವನೋ ಎಂಬುದು ಆ ಲೆಕ್ಕಕ್ಕೆ ಬೇಡ.

ಈ ನಿರ್ಲಿಪ್ತತೆಯಿಂದ ಹುಟ್ಟಿದ ದೊಡ್ಡ ಪ್ರಯೋಗವೆಂದರೆ ಅಮೆರಿಕದ 1990ರ ಆಮ್ಲಮಳೆ ಕಾನೂನು. ವಿದ್ಯುತ್ ಸ್ಥಾವರಗಳು ಉಗುಳುವ ಸಲ್ಫರ್ ಡೈಆಕ್ಸೈಡ್‌ಗೆ ಸರ್ಕಾರ ಒಟ್ಟು ಮಿತಿ ಹಾಕಿತು. ಆ ಮಿತಿಯನ್ನು ಒಂದೊಂದು ಟನ್ನಿನ ಪರವಾನಗಿಗಳಾಗಿ ಒಡೆದು ಹಂಚಿ, ಬೇಕಾದವರು ಕೊಳ್ಳಿ, ಬೇಡದವರು ಮಾರಿ ಎಂದಿತು. ಕೆಲವರು ಚಿಮಣಿಗೆ ಶುದ್ಧೀಕರಣ ಯಂತ್ರ ಕೂರಿಸಿದರು, ಕೆಲವರು ವಯೋಮಿಂಗ್‌ನಿಂದ ಗಂಧಕ ಕಡಿಮೆಯಿರುವ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸಿದರು. 2010ರ ಹೊತ್ತಿಗೆ ಆ ಹೊಗೆ 1980ರಲ್ಲಿದ್ದುದರ ಮೂರನೇ ಒಂದು ಪಾಲಿಗಿಂತ ಕೆಳಗಿಳಿದಿತ್ತು.

ಈ ವ್ಯವಸ್ಥೆಯನ್ನು 1517ರಲ್ಲಿ ಮಾರ್ಟಿನ್ ಲೂಥರ್ ಯಾವುದರ ವಿರುದ್ಧ ಸಿಡಿದೆದ್ದನೋ, ಚರ್ಚು ದುಡ್ಡಿಗೆ ಕೊಡುತ್ತಿದ್ದ ಆ ಪಾಪವಿಮೋಚನಾ ಪತ್ರಗಳಿಗೆ ಹೋಲಿಸುವುದು ಟೀಕಾಕಾರರ ರೂಢಿ. ಹೋಲಿಕೆ ಚುರುಕಾಗಿದೆ, ಪೂರ್ತಿ ಸರಿಯಲ್ಲ. ಪಾಪವಿಮೋಚನಾ ಪತ್ರವನ್ನು ಎಷ್ಟು ಬೇಕಾದರೂ ಅಚ್ಚು ಹಾಕಬಹುದಿತ್ತು. ಅಮೆರಿಕದ ಪರವಾನಗಿಗಳಿಗೆ ಲೆಕ್ಕವಿತ್ತು. ಒಬ್ಬ ಕೊಂಡರೆ ಇನ್ನೊಬ್ಬನಿಗೆ ಅಷ್ಟು ಕಡಿಮೆ. ಪರವಾನಗಿಯಿಲ್ಲದೆ ಉಗುಳಿದ ಪ್ರತಿ ಟನ್ನಿಗೆ 2000 ಡಾಲರ್ ದಂಡ ಬೇರೆ. ಮಾರುಕಟ್ಟೆಯ ಬೆಲೆ ಶುರುವಿನ ವರ್ಷಗಳಲ್ಲಿ ಸಾಮಾನ್ಯವಾಗಿ ಅದರ ಹತ್ತನೇ ಒಂದಕ್ಕಿಂತ ಕಡಿಮೆಯೇ ಇತ್ತು. ಗೆರೆಯೊಳಗೆ ಶುಲ್ಕ, ಗೆರೆ ದಾಟಿದರೆ ದಂಡ. ಸ್ಯಾಂಡೆಲ್ ಬೇರೆ ಬೇರೆಯೆಂದ ಎರಡೂ ಒಂದೇ ಕಾನೂನಿನಲ್ಲಿ ಕೂಡಿ ಬಾಳಿದವು.

ಲೂಥರನ ಸಿಟ್ಟು ನಿಜಕ್ಕೂ ತಾಗುವುದು ಗೆರೆಯೇ ಇಲ್ಲದ ಕಡೆ. ವಿಮಾನದ ಟಿಕೆಟ್ ಜತೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟು, ಎಲ್ಲೋ ಕಾಡು ಉಳಿಯಿತೆಂದು ನೆಮ್ಮದಿಯಾಗಿ ಕೂರುವ ಕಾರ್ಬನ್ ಪರಿಹಾರಪತ್ರಗಳಿಗೆ ಅಂಥ ಒಟ್ಟು ಮಿತಿಯಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸಿ' ಎಂಬ ತಮ್ಮ ಧರ್ಮಪತ್ರದಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಹೊಸ ಬಗೆಯ ಸಟ್ಟಾ ಆದೀತೆಂದು ಎಚ್ಚರಿಸಿದರು. ಅವರು ಎರಡು ಬಗೆಯ ಅಂಗಡಿಗಳನ್ನು ಒಂದೇ ಕೋಲಿನಿಂದ ಹೊಡೆದರೇನೋ.

ಭಾರತದಲ್ಲಿ ಕಥೆ ತಿರುಗಾಮುರುಗಾ. 1981ರ ವಾಯು ಕಾಯ್ದೆ ಮಿತಿ ಮೀರಿದ ಹೊಗೆಗೆ ಒಂದೂವರೆಯಿಂದ ಆರು ವರ್ಷ ಜೈಲು ಎನ್ನುತ್ತಿತ್ತು. ಶಿಕ್ಷೆ ಇಷ್ಟು ಘೋರವಾದರೆ ಅದನ್ನು ಕೊಡಿಸಲು ಅಧಿಕಾರಿಗೂ ಕೈ ಬರುವುದಿಲ್ಲ. 2023ರ ಜನ ವಿಶ್ವಾಸ್ ಕಾಯ್ದೆ ಆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನಿಟ್ಟಿತು. ದೊಡ್ಡ ಕಂಪನಿಯೊಂದಕ್ಕೆ 15 ಲಕ್ಷ ಹೈಫಾದ 10 ಶೆಕೆಲ್ ಇದ್ದಂತೆ.

ಸೂರತ್ ಬೇರೆ ದಾರಿ ಹಿಡಿದಿತ್ತು. ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಅಲ್ಲಿನ ಮುನ್ನೂರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಆರಿಸಿ, ಸುಮಾರು ಅರ್ಧದಷ್ಟನ್ನು ದೂಳಿನ ಪರವಾನಗಿ ಮಾರುಕಟ್ಟೆಗೆ ಸೇರಿಸಿತು, ಉಳಿದವನ್ನು ಹಳೆಯ ನಿಯಮದಲ್ಲೇ ಬಿಟ್ಟಿತು. ಮಾರುಕಟ್ಟೆಯಲ್ಲಿದ್ದವುಗಳ ದೂಳು ಶೇ. 20ರಿಂದ 30ರಷ್ಟು ಕಡಿಮೆಯಾಯಿತು. ಲೆಕ್ಕ ಕಿಲೋದಲ್ಲಿ ನಡೆಯುತ್ತದೆ. ಯಾವ ಚಿಮಣಿಯದಾದರೂ ಕಿಲೋ ಎಂದರೆ ಕಿಲೋ. ಹೆಚ್ಚು ಪರವಾನಗಿ ಕೊಂಡ ಕಾರ್ಖಾನೆಯ ಗೋಡೆಯಾಚೆ ಬಟ್ಟೆ ಒಣಹಾಕುವವರಿಗೆ ಮಾತ್ರ ಯಾವ ಚಿಮಣಿಯದು ಎಂಬುದು ಮುಖ್ಯ. ಪಿಗೂ ಲೆಕ್ಕ ಶುರುಮಾಡಿದ್ದು ಇಂಥವರ ಬಟ್ಟೆಯಿಂದಲೇ.