ಜಲವಿಹಾರವೂ ಎಚ್ಚರವೂ

ಕಳೆದ ದಸರೆಯ ಬಿಡುವಿನಲ್ಲಿ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕೆಲವು ಮಂದಿ ಶಿಕ್ಷಕರೂ ಮೇಲಿನ ತರಗತಿಗಳ ಕೆಲವು ವಿದ್ಯಾರ್ಥಿಗಳೂ ಕೂಡಿ ಹೈದರಾಬಾದನ್ನು ನೋಡಿಬರಲು ಹೋಗಿದ್ದೆವು. ಹಗಲೆಲ್ಲ ಗೋಲ್ಕೊಂಡೆಯ ಕೋಟೆಯನ್ನು ಹತ್ತಿಳಿದು, ಸಂಜೆಯ ಹೊತ್ತಿಗೆ ಹುಸೇನ್ ಸಾಗರದ ದಡವನ್ನು ಸೇರಿದೆವು. ಅಲ್ಲಿ ಬಣ್ಣದ ದೀಪಗಳಿಂದ ಸಿಂಗರಿಸಿದ ಒಂದು ವಿಹಾರನೌಕೆ ಹೊರಡಲು ಸಿದ್ಧವಾಗಿ ನಿಂತಿತ್ತು. ಹಾಡು, ಕುಣಿತ, ತಿಂಡಿ, ತಂಪು ಪಾನೀಯ ಎಲ್ಲವೂ ಟಿಕೇಟಿನಲ್ಲಿಯೇ ಸೇರಿದೆಯೆಂದು ಕೂಗಿ ಕರೆಯುತ್ತಿದ್ದರು. ಮಕ್ಕಳ ಕಣ್ಣುಗಳು ಅರಳಿದುವು. ನಮ್ಮಲ್ಲಿ ಹಿರಿಯರಾದ ಗುರುಗಳೊಬ್ಬರು ಮಾತ್ರ, "ಇದು ಬರಿಯ ಮೋಜು, ಕಲಿಯಲು ಬಂದವರಿಗೆ ತಕ್ಕುದಲ್ಲ" ಎಂದು ದಡದಲ್ಲಿಯೇ ಕುಳಿತರು. ಉಳಿದವರು ಹತ್ತಿದೆವು. ಹಿಂದಿರುಗುವಾಗ ಸಂಗಾರೆಡ್ಡಿ, ಸದಾಶಿವಪೇಟೆಗಳು ದಾಟಿದರೂ ಬಸ್ಸಿನಲ್ಲಿ ಚರ್ಚೆ ಮುಗಿಯಲಿಲ್ಲ. ಹಲವರು ಕೂಡಿ ಮಾಡುವ ಇಂಥ ವಿನೋದದಲ್ಲಿ ಭಾಗಿಯಾಗುವುದು ಸರಿಯೆ? ಸರಿಯಾದರೆ ಯಾವ ನಿಯಮಕ್ಕೊಳಪಟ್ಟು ಸರಿ? ಈ ಪ್ರಶ್ನೆಯನ್ನು ನಮ್ಮ ಪತ್ರಿಕೆಯ ವಾಚಕರ ಮುಂದಿಟ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಿಕೊಳ್ಳಬೇಕು. ಸಂತೋಷವೇ ಪಾಪವೆಂಬ ಮತ ನಮ್ಮ ಸಾಹಿತ್ಯಪರಂಪರೆಯದಲ್ಲ. ಮಹಾಕಾವ್ಯದಲ್ಲಿ ಇರಬೇಕೆಂದು ಲಾಕ್ಷಣಿಕರು ಹೇಳಿದ ಅಷ್ಟಾದಶ ವರ್ಣನೆಗಳನ್ನು ನಮ್ಮ ಉಪಾಧ್ಯಾಯರು ಬಲ್ಲರು. ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಸಾಲಿನಲ್ಲಿಯೇ ಜಲಕ್ರೀಡೆಯೂ ಮಧುಪಾನವೂ ಸೇರಿವೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು ತಲುಪುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ರಚಿತವಾದದ್ದು ಅಲ್ಲಿ. ಹಾಗೆ ನೋಡಿದರೆ ನಮ್ಮೂರ ನೀರಿನ ದಡದಲ್ಲಿಯೇ ಬೆಳೆದ ಸಾಹಿತ್ಯ ಅದು. ಆ ಸಾಹಿತ್ಯ ನೀರಾಟವನ್ನು ಕಂಡು ಮುಖ ತಿರುಗಿಸಲಿಲ್ಲ. ದೇವಾಲಯಗಳ ತೆಪ್ಪೋತ್ಸವಗಳಲ್ಲಿ ದೇವರನ್ನೇ ದೀಪಾಲಂಕೃತವಾದ ತೆಪ್ಪದಲ್ಲಿ ಕುಳ್ಳಿರಿಸಿ, ವಾದ್ಯಘೋಷದೊಡನೆ ಕೊಳವನ್ನು ಸುತ್ತಿಸುವ ಜನ ನಾವು. ಆದಕಾರಣ ದೋಣಿ, ದೀಪ, ಗಾನ, ಭೋಜನ ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ತಾನೇ ದೋಷವೆನಿಸದು.

ಹಾಗಾದರೆ ಸಂಶಯಕ್ಕೆ ಕಾರಣವೆಲ್ಲಿದೆ? ನಮಗೆಲ್ಲ ಪರಿಚಿತವಾದ ಇನ್ನೊಂದು ಸಂತೋಷದೊಡನೆ ಇದನ್ನು ಹೋಲಿಸಿ ನೋಡೋಣ. ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾಹೋಳಿಗೆಗಳ ಬುತ್ತಿ ಬಿಚ್ಚುತ್ತದೆ. ಆದರೆ ಮೊದಲ ತುತ್ತು ನಮ್ಮ ಬಾಯಿಗೆ ಬೀಳುವುದಿಲ್ಲ. ಭೂಮಿಗೆ ಚರಗ ಚೆಲ್ಲಿದ ಮೇಲೆಯೇ ಊಟ. ದಾರಿಯಲ್ಲಿ ಹೋಗುವವನು ಅಪರಿಚಿತನಾದರೂ ಅವನನ್ನು ಕರೆದು ಕುಳ್ಳಿರಿಸುತ್ತಾರೆ. ಇಲ್ಲಿ ಸಂತೋಷವು ಋಣದ ಸ್ಮರಣೆಯಿಂದ ಆರಂಭವಾಗುತ್ತದೆ. ಅನ್ನ ಎಲ್ಲಿಂದ ಬಂದಿತೆಂಬುದನ್ನು ನೆನೆದು ಉಣ್ಣುವುದರಿಂದ ಊಟದ ರುಚಿ ಕಡಿಮೆಯಾದದ್ದನ್ನು ನಾವಾರೂ ಕಂಡಿಲ್ಲ.

ನೌಕೆಯ ಸಂತೋಷದಲ್ಲಿ ಈ ಸ್ಮರಣೆಗೆ ಎಡೆಯಿಲ್ಲ. ಟಿಕೇಟಿನ ಹಣ ಕೊಟ್ಟೊಡನೆ ಎಲ್ಲ ಋಣವೂ ತೀರಿತೆಂಬ ಭಾವನೆ ತಾನಾಗಿ ಹುಟ್ಟುತ್ತದೆ. ಆದರೆ ಅಂದು ನಾವು ತೇಲಿದ ನೀರು ಯಾವುದು? ಇಬ್ರಾಹೀಂ ಕುಲಿ ಕುತುಬ್‌ಶಾಹನ ಕಾಲದಲ್ಲಿ, ೧೫೬೨ರ ಸುಮಾರಿಗೆ, ಕಟ್ಟಿದ ಕೆರೆ ಅದು. ಒಂದು ಕಾಲದಲ್ಲಿ ನಗರಕ್ಕೆ ಕುಡಿಯುವ ನೀರನ್ನು ಕೊಟ್ಟ ಆ ಕೆರೆಗೆ ನಗರವು ತನ್ನ ಕೊಳೆಯನ್ನು ಹಿಂದಿರುಗಿಸಿತು. ಇಂದು ಅದರ ನೀರನ್ನು ಬೊಗಸೆಯಲ್ಲಿ ಎತ್ತಿಕೊಳ್ಳುವವರಿಲ್ಲ. ನೌಕೆಯಲ್ಲಿ ನಮಗೆ ಕೊಟ್ಟ ಕುಡಿಯುವ ನೀರಾದರೂ ಎಲ್ಲಿಯದು? ಹೈದರಾಬಾದು ಕುಡಿಯುವ ನೀರಿನಲ್ಲಿ ಒಂದು ಪಾಲು ಮಂಜೀರೆಯದು. ಸಿಂಗೂರಿನ ಜಲಾಶಯದಿಂದ ಹೋದದ್ದು. ಬಾಲಾಘಾಟದಲ್ಲಿ ಹುಟ್ಟಿ, ಬೀದರ ಸೀಮೆಯನ್ನು ಹಾದು ಬರುವ ಆ ನದಿಗೆ ಅಣೆ ಕಟ್ಟಿದಾಗ ದಂಡೆಯ ಹಳ್ಳಿಗಳ ಜನ ಮನೆ ಹೊಲಗಳನ್ನು ಬಿಟ್ಟು ಎದ್ದರು. ಅಂಥವರ ಮೊಮ್ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ಕುಳಿತಿರಬಹುದು. ಇದನ್ನೆಲ್ಲ ನೆನೆದರೆ ಸಂತೋಷಪಡಬಾರದೆಂದು ನಾವು ಹೇಳುವುದಿಲ್ಲ. ನೆನೆಯದೆ ಪಟ್ಟ ಸಂತೋಷ ಅರೆಕುರುಡು ಎಂದಷ್ಟೇ ಹೇಳುತ್ತೇವೆ.

ಇನ್ನು ಆ ಸಂಜೆ ನಡೆದ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಹತ್ತುವಾಗ ಎಲ್ಲರಿಗೂ ಲೈಫ್ ಜಾಕೆಟ್ಟುಗಳನ್ನು ಕೊಟ್ಟಿದ್ದರು. ಸೆಖೆಯೆಂದೂ, ತೆಗೆಸಿಕೊಳ್ಳುವ ಚಿತ್ರಕ್ಕೆ ಅಂದವಲ್ಲವೆಂದೂ ನಾವು ಅವನ್ನು ಬಿಚ್ಚಿ ಕುರ್ಚಿಯ ಕೆಳಗಿಟ್ಟೆವು. ನಮ್ಮನ್ನು ನೋಡಿ ಮಕ್ಕಳೂ ಬಿಚ್ಚಿದರು. ಧ್ವನಿವರ್ಧಕದಲ್ಲಿ ಹಾಡು ಮೊರೆಯುತ್ತಿತ್ತು. ಗುರುಶಿಷ್ಯರೆಂಬ ಭೇದ ಮರೆತು ಕುಣಿದದ್ದೂ ಉಂಟು. ನೌಕೆ ಕೆರೆಯ ನಡುವಣ ಬುದ್ಧನ ವಿಗ್ರಹವನ್ನು ಸಮೀಪಿಸಿತು. ಒಮ್ಮೆಲೆ ಜನವೆಲ್ಲ ಚಿತ್ರ ತೆಗೆಯಲು ಒಂದೇ ಮಗ್ಗುಲಿಗೆ ನುಗ್ಗಿದರು. ನಾವೂ ನುಗ್ಗಿದೆವು. ನೌಕೆ ಆ ಕಡೆಗೆ ವಾಲಿತು. ಚುಕ್ಕಾಣಿಯ ಬಳಿಯಿದ್ದ ವಯಸ್ಸಾದ ಅಂಬಿಗ ಕೈಬೀಸಿ ಕೂಗುತ್ತಿದ್ದ. ಹಾಡಿನ ಅಬ್ಬರದಲ್ಲಿ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಗ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಾಡು ಹಾಕುವವನ ಬಳಿಗೆ ಹೋಗಿ, ನಮ್ಮ ಗಡಿಯ ಮಕ್ಕಳಿಗೆ ಸಹಜವಾದ ತೆಲುಗಿನಲ್ಲಿ, "ಅಣ್ಣಾ, ಅರ್ಧ ನಿಮಿಷ ಹಾಡು ನಿಲ್ಲಿಸಿರಿ, ಅಲ್ಲಿ ಕಾಕಾ ಏನೋ ಹೇಳುತ್ತಿದ್ದಾರೆ" ಎಂದಳು. ಹಾಡು ನಿಂತಿತು. ಕೆಲವರು ಗೊಣಗಿದರು, ಕೆಲವರು ಅವಳನ್ನು ನೋಡಿ ನಕ್ಕರು. ಅಂಬಿಗನ ಮಾತು ಕೇಳಿಸಿತು, ಜನ ಚದುರಿ ಕುಳಿತರು, ನೌಕೆ ನೆಟ್ಟಗಾಯಿತು. ಮತ್ತೆ ಹಾಡು ಮೊದಲಾಯಿತು. ಯಾವ ಅನಾಹುತವೂ ಆಗಲಿಲ್ಲ. ಆದರೆ ನಮ್ಮ ಕುಣಿತ ಮಾತ್ರ ಅಲ್ಲಿಗೆ ನಿಂತಿತು. ಶಿಕ್ಷಕರು ಮಾಡಬೇಕಾದ ಕೆಲಸವನ್ನು ಶಿಷ್ಯೆ ಮಾಡಿದ್ದಳು.

ಅನಾಹುತವಾಗಲಿಲ್ಲವೆಂದು ಇದನ್ನು ಹಗುರಾಗಿ ಎಣಿಸುವಂತಿಲ್ಲ. ಅದೇ ಕೆರೆಯಲ್ಲಿ, ಅದೇ ಬುದ್ಧವಿಗ್ರಹವನ್ನು ೧೯೯೦ರಲ್ಲಿ ದೊಡ್ಡ ತೆಪ್ಪದ ಮೇಲೆ ಸಾಗಿಸುವಾಗ ತೆಪ್ಪ ವಾಲಿ, ವಿಗ್ರಹ ನೀರುಪಾಲಾಗಿ, ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಕ್ಕೂ ಮಿಕ್ಕಿ ಕೆರೆಯ ತಳದಲ್ಲಿ ಮಲಗಿದ್ದ ವಿಗ್ರಹವನ್ನು ೧೯೯೨ರಲ್ಲಿ ಎತ್ತಿ ನಿಲ್ಲಿಸಲಾಯಿತು. ೨೦೦೯ರ ಸೆಪ್ಟೆಂಬರಿನಲ್ಲಿ ಕೇರಳದ ತೇಕ್ಕಡಿಯ ಕೆರೆಯಲ್ಲಿ ವಿಹಾರದೋಣಿ ಮಗುಚಿ ೪೫ ಮಂದಿ ಮಡಿದರು. ೨೦೧೯ರ ಸೆಪ್ಟೆಂಬರಿನಲ್ಲಿ ಗೋದಾವರಿಯ ಕಚ್ಚುಲೂರಿನ ಬಳಿ, ಪಾಪಿಕೊಂಡಲು ಬೆಟ್ಟಗಳನ್ನು ನೋಡಹೊರಟ ದೋಣಿ ಮುಳುಗಿತು. ನಮ್ಮ ಮಂಜೀರೆ ಕೊನೆಗೆ ಸೇರುವುದು ಆ ಗೋದಾವರಿಯನ್ನೇ. ೨೦೨೪ರ ಜನವರಿ ೧೮ರಂದು ವಡೋದರೆಯ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸದ ದೋಣಿ ಮಗುಚಿ ೧೨ ಮಕ್ಕಳೂ ೨ ಶಿಕ್ಷಕಿಯರೂ ಅಳಿದರು. ಈ ಕಡೆಯ ವಾಕ್ಯವನ್ನು ಓದುವಾಗ ನಮ್ಮ ವಾಚಕರಲ್ಲಿ ಯಾರ ಎದೆ ನಡುಗದು?

ಹೀಗೆ ನೋಡಿದಾಗ ದೋಣಿಯ ವಿನೋದಕ್ಕೂ ನೆಲದ ಮೇಲಣ ವಿನೋದಕ್ಕೂ ಇರುವ ಭೇದ ಸ್ಪಷ್ಟವಾಗುತ್ತದೆ. ಮದುವೆಯ ಚಪ್ಪರದಲ್ಲಿ ಗದ್ದಲ ಹೆಚ್ಚಾದರೆ ಎದ್ದು ಹೊರಗೆ ಬರಬಹುದು. ದೋಣಿಯಿಂದ ಎದ್ದು ಹೋಗಲು ಬರುವುದಿಲ್ಲ. ಒಬ್ಬನ ಹೆಜ್ಜೆಯ ಭಾರ ಎಲ್ಲರ ಮೇಲೆ ಬೀಳುತ್ತದೆ. ಆದ್ದರಿಂದ ದೋಣಿಯನ್ನು ಹತ್ತುವುದೆಂದರೆ ಅಪರಿಚಿತರಾದ ಸಹಪ್ರಯಾಣಿಕರಿಗೆಲ್ಲ ಬಾಯಿಬಿಟ್ಟು ಆಡದ ಒಂದು ಭಾಷೆಯನ್ನು ಕೊಟ್ಟಂತೆ.

ಗ್ರೀಸ್ ದೇಶದ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಆರನೆಯ ಭಾಗದಲ್ಲಿ ಒಂದು ಹಡಗಿನ ದೃಷ್ಟಾಂತವನ್ನು ಕೊಡುತ್ತಾನೆ. ನಾವಿಕರು ಒಡೆಯನಿಗೆ ಮತ್ತು ಬರಿಸಿ, ಉಗ್ರಾಣವನ್ನು ವಶಪಡಿಸಿಕೊಂಡು, ಕುಡಿಯುತ್ತ ಉಣ್ಣುತ್ತ ಹಡಗನ್ನು ನಡೆಸುತ್ತಾರೆ. ನಕ್ಷತ್ರ, ಗಾಳಿ, ಋತುಗಳನ್ನು ಬಲ್ಲ ನಿಜವಾದ ಚುಕ್ಕಾಣಿಗನನ್ನು ಕೆಲಸಕ್ಕೆ ಬಾರದ ಹರಟೆಗಾರನೆಂದು ಹಳಿಯುತ್ತಾರೆ. ಪ್ಲೇಟೋ ಹೇಳಹೊರಟದ್ದು ರಾಜ್ಯಭಾರದ ವಿಷಯ. ಆದರೂ ಆ ದೃಷ್ಟಾಂತ ನಮ್ಮ ವಿಹಾರನೌಕೆಗೂ ಒಪ್ಪುತ್ತದೆ. ತಿಳಿದವನ ಮಾತು ಕೇಳದಷ್ಟು ಗದ್ದಲವನ್ನು ಎಬ್ಬಿಸಿಕೊಂಡದ್ದು ನಮ್ಮ ತಪ್ಪು. ಉಂಡದ್ದಾಗಲಿ ಹಾಡಿದ್ದಾಗಲಿ ಅಲ್ಲ.

ಪಾನದ ಪ್ರಶ್ನೆಯನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ನಮ್ಮ ನೌಕೆಯಲ್ಲಿ ಕೊಟ್ಟದ್ದು ಬರಿಯ ತಂಪು ಪಾನೀಯ. ಮದ್ಯವನ್ನೂ ಹಂಚುವ ವಿಹಾರನೌಕೆಗಳು ಬೇರೆ ಊರುಗಳಲ್ಲಿ ಇವೆ. ಬುದ್ಧನ ಪಂಚಶೀಲಗಳಲ್ಲಿ ಐದನೆಯದು ಮದ್ಯವನ್ನು ಬಿಡಲು ಹೇಳುವಾಗ ಕೊಡುವ ಕಾರಣ, ಅದು ಪ್ರಮಾದಕ್ಕೆ ಎಡೆಯಾಗುತ್ತದೆ ಎಂಬುದು. ಪ್ರಮಾದವೆಂದರೆ ಎಚ್ಚರಗೇಡಿತನ. ಈ ಅರ್ಥದಲ್ಲಿ, ಒಂದು ತೊಟ್ಟು ಮದ್ಯವನ್ನು ಮುಟ್ಟದ ನಾವೂ ಅಂದು ಮತ್ತರಾಗಿದ್ದೆವು. ಹಾಡಿನಿಂದಲೂ, ಚಿತ್ರದ ಆಸೆಯಿಂದಲೂ, ಗುಂಪಿನ ನೂಕಿನಿಂದಲೂ ಮತ್ತು ಬರುತ್ತದೆಂಬುದನ್ನು ಅಂದು ಕಲಿತೆವು. ಕುಡಿಯದವನು ತಾನು ಎಚ್ಚತ್ತಿದ್ದೇನೆಂದು ನಂಬಿ ಇನ್ನೂ ಹೆಚ್ಚು ಮೈಮರೆಯುವ ಸಂಭವವುಂಟು. ಇನ್ನು ಮಕ್ಕಳ ಹೊಣೆ ಹೊತ್ತವನು ಮದ್ಯವಿರುವ ಕೂಟಕ್ಕೆ ಅವರನ್ನು ಒಯ್ಯಬಾರದೆಂಬುದು ನಿರ್ವಿವಾದ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. "ಹೆಜ್ಜೆ ಹೆಜ್ಜೆಗೂ ಋಣವನ್ನು ಎಣಿಸುತ್ತ, ಅಪಾಯವನ್ನು ನೆನೆಯುತ್ತ ಕುಳಿತರೆ ಸಂತೋಷವೇ ಸತ್ತುಹೋಗದೆ? ಹಾಗಿದ್ದರೆ ದಡದಲ್ಲಿ ಕುಳಿತ ಹಿರಿಯರೇ ಗೆದ್ದಂತಾಯಿತು" ಎಂದು ನಮ್ಮ ತರುಣ ಮಿತ್ರರೊಬ್ಬರು ಬಸ್ಸಿನಲ್ಲಿ ಕೇಳಿದರು. ಇದಕ್ಕೆ ಆ ಹಿರಿಯರೇ ಕೊಟ್ಟ ಉತ್ತರ ನಮ್ಮ ಮನಸ್ಸನ್ನು ಬಹುವಾಗಿ ತಟ್ಟಿತು. ನಡೆದುದನ್ನೆಲ್ಲ ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಈಜು ಬಲ್ಲವನು ನಾನೊಬ್ಬನೇ. ಮೋಜು ನನಗೆ ತಕ್ಕುದಲ್ಲವೆಂದು ಕುಳಿತೆ. ಮಕ್ಕಳು ಮಾತ್ರ ನೀರಿನ ಮೇಲಿದ್ದರು. ನನ್ನ ವ್ರತ ನನ್ನದಾಯಿತೇ ಹೊರತು ಅವರಿಗೆ ಅದರಿಂದ ಏನು ಬಂದಿತು?" ಎಂದರು. ದೂರ ನಿಲ್ಲುವುದರಿಂದ ಕೈ ಶುದ್ಧವಾಗಿ ಉಳಿಯಬಹುದು. ಹೊಣೆ ಮಾತ್ರ ತೀರುವುದಿಲ್ಲ. ನುಗ್ಗಿ ಮೈಮರೆತ ನಾವೂ ತಪ್ಪಿದೆವು, ದೂರ ನಿಂತ ಅವರೂ ತಪ್ಪಿದರು. ಇವೆರಡರ ನಡುವಣ ದಾರಿಯನ್ನು ಹಿಡಿದವಳು ಆ ಹುಡುಗಿ. ಅವಳು ಸಂತೋಷವನ್ನು ಬಿಟ್ಟಿರಲಿಲ್ಲ; ನಮ್ಮೆಲ್ಲರಿಗಿಂತ ಹೆಚ್ಚಾಗಿಯೇ ನಕ್ಕು ನಲಿದಿದ್ದಳು. ಆದರೆ ಅವಳ ಕಿವಿ ತೆರೆದಿತ್ತು.

ಎಪಿಕ್ಟೀಟಸ್ ಎಂಬ ಹಿಂದಿನ ಕಾಲದ ಜ್ಞಾನಿ, ಗುಲಾಮನಾಗಿ ಹುಟ್ಟಿದವನು, ಬದುಕನ್ನು ಕಡಲಯಾನಕ್ಕೆ ಹೋಲಿಸಿದ್ದಾನೆ. ಹಡಗು ತಂಗಿದಾಗ ದಡಕ್ಕಿಳಿದವನು ದಾರಿಯಲ್ಲಿ ಚಿಪ್ಪನ್ನೋ ಗೆಡ್ಡೆಯನ್ನೋ ಆಯ್ದುಕೊಳ್ಳಲಿ. ಆದರೆ ಹಡಗಿನ ಒಡೆಯನ ಕರೆಯ ಕಡೆಗೆ ಲಕ್ಷ್ಯವಿರಲಿ ಎಂಬುದು ಅವನ ಮಾತಿನ ತಾತ್ಪರ್ಯ. ಚಿಪ್ಪನ್ನು ಆಯುವುದನ್ನು ಅವನು ನಿಷೇಧಿಸಲಿಲ್ಲ. ಕರೆದಾಗ ಕೈಯಲ್ಲಿರುವುದನ್ನು ಬಿಟ್ಟೇಳುವ ಶಕ್ತಿ ಇರಬೇಕೆಂದನು. ಸಂತೋಷದ ಪರೀಕ್ಷೆ ಇದೇ ಎಂದು ನಮಗೆ ತೋರುತ್ತದೆ. ಅರ್ಧ ನಿಮಿಷ ನಿಲ್ಲಬಲ್ಲ ಹಾಡು ನಮ್ಮದು. ನಿಲ್ಲಲಾರದ ಹಾಡಿಗೆ ನಾವು ಅಡಿಯಾಳು.

ಕೊನೆಯದಾಗಿ ಆ ಅಂಬಿಗನ ಮಾತು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನಿಗೆ ಉನ್ನತವಾದ ಸ್ಥಾನವಿದೆ. ದೋಣಿ ನಡೆಸುವ ಕಾಯಕದ ಹೆಸರೇ ಅವನ ವಚನಗಳ ಅಂಕಿತವಾಯಿತು. ಆ ವಚನಗಳನ್ನು ಪಾಠ ಹೇಳುವ ನಾವು ನಮ್ಮ ಅಂಬಿಗನ ಹೆಸರನ್ನು ಕೇಳದೆಯೇ ಒಂದು ಗಂಟೆ ಅವನ ಕೈಯಲ್ಲಿ ನಮ್ಮ ಪ್ರಾಣಗಳನ್ನಿಟ್ಟಿದ್ದೆವು. ಇಳಿಯುವಾಗ ಆ ಹುಡುಗಿಯೇ, "ಕಾಕಾ, ನಿಮ್ಮ ಊಟವಾಯಿತೆ?" ಎಂದು ವಿಚಾರಿಸಿದಳು. "ಕಡೆಯ ಸುತ್ತು ಮುಗಿದ ಮೇಲೆ, ತಾಯಿ" ಎಂದನವನು. ನಮ್ಮ ತಟ್ಟೆಗಳಲ್ಲಿ ತಿಂಡಿ ಅರ್ಧಕ್ಕರ್ಧ ಉಳಿದಿತ್ತು.

ಆದ್ದರಿಂದ ನಾವು ಕಂಡುಕೊಂಡ ನಿಷ್ಕರ್ಷೆ ಇಷ್ಟು. ಕರೆದರೆ ಹೋಗೋಣ, ಹಾಡೋಣ, ಉಣ್ಣೋಣ. ಆದರೆ ಹತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಈ ಸಂತೋಷದ ಋಣ ಯಾರದು? ಇದರ ಭಾರ ಯಾರ ಮೇಲೆ ಬೀಳುತ್ತದೆ? ಕರೆದಾಗ ಇದನ್ನು ನಿಲ್ಲಿಸುವ ಶಕ್ತಿ ನಮ್ಮಲ್ಲಿದೆಯೆ? ಮುಂದಿನ ವರ್ಷದ ಪ್ರವಾಸಕ್ಕೆ ನಾವೆಲ್ಲರೂ, ಆ ಹಿರಿಯರೂ ಸೇರಿ, ಮತ್ತೆ ದೋಣಿಯನ್ನು ಹತ್ತುವುದೆಂದು ನಿಶ್ಚಯಿಸಿದ್ದೇವೆ. ಲೈಫ್ ಜಾಕೆಟ್ಟನ್ನು ಮೊದಲು ತೊಡುವವರು ಶಿಕ್ಷಕರು. ನಮ್ಮ ವಿಚಾರದಲ್ಲಿ ದೋಷ ಕಂಡ ವಿದ್ಯಾರ್ಥಿಮಿತ್ರರು ಸಂಕೋಚವಿಲ್ಲದೆ ಬರೆದು ತಿಳಿಸಲಿ. ಅರ್ಧ ನಿಮಿಷವಲ್ಲ, ಬೇಕಾದಷ್ಟು ಹೊತ್ತು ನಿಂತು ಕೇಳಲು ಸಿದ್ಧರಿದ್ದೇವೆ.