ಹಾಸಿಗೆ ಹಿಡಿದ ತಾಯಿ ಮತ್ತು ಮನೆಮಂದಿಯ ಹೊಣೆ

ಪ್ರಿಯ ಸಹೋದರಿ,

ಸುಬ್‌ಹ್‌ನ ಬಾಂಗ್ ಕೇಳಿಸುತ್ತದೆ. ಮನೆಯವರು ಎದ್ದು ವುಝೂ ಮಾಡುವ ನೀರಿನ ಸದ್ದೂ ಕೇಳಿಸುತ್ತದೆ. ನೀವು ಮಾತ್ರ ಮಲಗಿದ್ದೀರಿ. ಚಿಕ್ಕಂದಿನಲ್ಲಿ ಪೋಲಿಯೋ ಬಡಿದ ಕಾಲನ್ನು ಎಳೆಯುತ್ತಲೇ ನೀವು ಶಾಲೆ ಕಲಿತಿರಿ, ಮದುವೆಯಾದಿರಿ, ಊರುಗೋಲು ಹಿಡಿದು ಅಡಿಗೆಮನೆಯನ್ನೂ ನಿಭಾಯಿಸಿದಿರಿ. ಈಗ ಮಾಸು ಗರ್ಭಕೋಶದ ಬಾಯಿಯ ಮೇಲೆ ಕುಳಿತಿದೆ, ಎರಡು ಬಾರಿ ರಕ್ತ ಹೋಗಿದೆ, ಹೆರಿಗೆಯವರೆಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದಾರೆ. ಊರುಗೋಲು ಗೋಡೆಗೆ ಒರಗಿದೆ. ಬಾಗಿಲಾಚೆಯಿಂದ ಯಾರದೋ ಮಾತು ತೇಲಿ ಬರುತ್ತದೆ: “ಆ ಕಾಲಿಟ್ಟುಕೊಂಡು ಇವಳಿಗೆ ಮಗು ಬೇಕಿತ್ತೇ?”

ಈ ಮಾತುಗಳು ನಿಮಗಾಗಿ. ಬಾಗಿಲಾಚೆ ನಿಂತವರಿಗಾಗಿಯೂ ಹೌದು.

ಮೊದಲು ಆ ಪ್ರಶ್ನೆಗೆ ಉತ್ತರ ಹೇಳೋಣ. ಮಗುವನ್ನು ದಯಪಾಲಿಸುವವನು ಅಲ್ಲಾಹನು. ಯಾರ ಗರ್ಭದಲ್ಲಿ ಏನಿದೆ ಎಂಬುದನ್ನು ಬಲ್ಲವನೂ ಅವನೇ. ತಾಯಿಯು ನಿತ್ರಾಣದ ಮೇಲೆ ನಿತ್ರಾಣವನ್ನು ಅನುಭವಿಸಿ ಮಗುವನ್ನು ಹೊರುತ್ತಾಳೆಂದು ಪವಿತ್ರ ಕುರ್‌ಆನಿನ ಸೂರಃ ಲುಕ್ಮಾನ್ ತಿಳಿಸುತ್ತದೆ. ನಿತ್ರಾಣವನ್ನು ಅದು ತಾಯಿಯ ಕೊರತೆಯೆಂದು ಹೇಳಲಿಲ್ಲ, ಮಕ್ಕಳು ಆಕೆಗೆ ಕೃತಜ್ಞರಾಗಿರಬೇಕಾದ ಕಾರಣವೆಂದು ಹೇಳಿತು. ಹಾಗಾದರೆ ಎಲ್ಲರಿಗಿಂತ ಹೆಚ್ಚು ನಿತ್ರಾಣ ಹೊತ್ತ ತಾಯಿಯ ಸ್ಥಾನ ಹಿರಿದಾಗಬೇಕೇ ಹೊರತು ಕಿರಿದಾಗುವುದು ಹೇಗೆ?

ನಿಮಗೆ ಅಳು ಬರುತ್ತದೆಯೇ? ಅದಕ್ಕಾಗಿ ನಿಮ್ಮ ಈಮಾನ್ ಕುಂದಿತೆಂದು ಹೆದರಬೇಡಿ. ಹಝ್ರತ್ ಮರ್ಯಮ್(ಅ) ಹೆರಿಗೆ ನೋವಿನಿಂದ ಖರ್ಜೂರದ ಮರದ ಬುಡಕ್ಕೆ ಬಂದಾಗ, ಇದಕ್ಕಿಂತ ಮೊದಲೇ ಸತ್ತು ಹೋಗಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರು. ಅಲ್ಲಾಹನು ಅವರನ್ನು ಗದರಿಸಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು. ಕಾಲಬುಡದಲ್ಲಿ ನೀರಿನ ತೊರೆ ಹರಿಯಿತು. ಮರವನ್ನು ಅಲುಗಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪಾಗಿಸಿಕೋ ಎಂದು ಹೇಳಲಾಯಿತು. ನೋವಿನಲ್ಲಿರುವ ತಾಯಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ. ಸಾಂತ್ವನ, ನೀರು, ಆಹಾರ. ನಮ್ಮ ಮನೆಗಳಲ್ಲಿ ಈ ಕ್ರಮ ಏಕೆ ತಿರುವುಮುರುವಾಗುತ್ತದೆ?

ಇನ್ನು ನಮಾಝ್. “ಮಲಗಿ ಮಾಡಿದ್ದು ನಮಾಝ್ ಆಗುತ್ತದೆಯೇ?” ಎಂದು ಕೇಳುವವರಿದ್ದಾರೆ. ಇಮ್ರಾನ್ ಬಿನ್ ಹುಸೈನ್(ರ) ಮೂಲವ್ಯಾಧಿಯಿಂದ ಬಳಲುತ್ತಿದ್ದರು. ಅವರು ಪ್ರವಾದಿವರ್ಯರಲ್ಲಿ(ಸ) ಈ ವಿಷಯವನ್ನು ಕೇಳಿದರು. ನಿಂತು ಮಾಡಬೇಕು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಬೇಕೆಂದು ಅವರಿಗೆ ಉತ್ತರ ಸಿಕ್ಕಿತು. ಇದು ಬುಖಾರಿಯಲ್ಲಿದೆ. ಆದ್ದರಿಂದ ಮುಖವನ್ನು ಕಿಬ್ಲಾದೆಡೆಗೆ ತಿರುಗಿಸಿ, ರುಕೂವಿಗೆ ತಲೆಯನ್ನು ತುಸು ಬಾಗಿಸಿ, ಸುಜೂದಿಗೆ ಇನ್ನಷ್ಟು ಬಾಗಿಸಿ ನೀವು ಸಲ್ಲಿಸುವ ನಮಾಝ್ ಪೂರ್ಣ ನಮಾಝೇ. ವುಝೂವಿಗೆ ನೀರು ಹೊಯ್ದು ಕೊಡುವ ಕೈಗಳೂ ಪುಣ್ಯದಲ್ಲಿ ಪಾಲುದಾರರು. ನೀರು ಬಳಸಲಾಗದಿದ್ದರೆ ತಯಮ್ಮುಮ್ ಇದೆ. ಗರ್ಭಾವಸ್ಥೆಯಲ್ಲಿ ರಕ್ತ ಕಂಡಾಗ ನಮಾಝ್‌ನ ವಿಧಿಯೇನೆಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ದೀನನ್ನು ಕಲಿಯಲು ನಾಚಿಕೆ ಅಡ್ಡಿಯಾಗದಿದ್ದುದಕ್ಕಾಗಿ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದಾರೆ.

ರಮಝಾನ್ ಬಂದು ಹೋಗುವಾಗ ಉಪವಾಸ ತಪ್ಪಿತೆಂದು ಕೊರಗಬೇಡಿ. ಗರ್ಭಿಣಿಗೂ ಹಾಲುಣಿಸುವವಳಿಗೂ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಅವನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ಕೂಡ ಅವನ ಅನುಸರಣೆಯೇ. ಮಾತ್ರವಲ್ಲ, ದಾಸನು ಕಾಯಿಲೆ ಬಿದ್ದಾಗ ಅಥವಾ ಪ್ರಯಾಣದಲ್ಲಿದ್ದಾಗ, ಆರೋಗ್ಯದಿಂದ ಊರಿನಲ್ಲಿದ್ದಾಗ ಮಾಡುತ್ತಿದ್ದ ಕರ್ಮಗಳ ಪ್ರತಿಫಲ ಅವನಿಗೆ ಬರೆಯಲ್ಪಡುತ್ತದೆಂದು ಅಬೂ ಮೂಸಾ ಅಲ್‌ಅಶ್‌ಅರೀ(ರ) ವರದಿ ಮಾಡಿದ ಹದೀಸಿನಲ್ಲಿದೆ. ನೀವು ಕುಳಿತು ಓದುತ್ತಿದ್ದ ಕುರ್‌ಆನ್, ನೆರೆಯ ಮಕ್ಕಳಿಗೆ ಕಲಿಸುತ್ತಿದ್ದ ಪಾಠ ಯಾವುದೂ ನಿಂತಿಲ್ಲ. ಗೋಡೆಯ ಊರುಗೋಲು ನಿಂತಿರಬಹುದು, ಬರೆಯುವ ಲೇಖನಿ ನಿಂತಿಲ್ಲ.

ಆದರೆ ಸಹೋದರಿ, ತವಕ್ಕುಲ್ ಎಂದರೆ ಕಣ್ಣು ಮುಚ್ಚಿ ಮಲಗುವುದಲ್ಲ. ದೇಹವೂ ಅಮಾನತ್, ಒಡಲಿನ ಮಗುವೂ ಅಮಾನತ್. “ವಿಶ್ರಾಂತಿ” ಎಂದರೆ ಎಷ್ಟೆಂದು ವೈದ್ಯರನ್ನೇ ಸ್ಪಷ್ಟವಾಗಿ ಕೇಳಿ: ಕುಳಿತು ಊಟ ಮಾಡಬಹುದೇ? ಪಾಯಿಖಾನೆಗೆ ಹೋಗಬಹುದೇ? ಸ್ನಾನ ಹೇಗೆ? ಗರ್ಭಿಣಿಯನ್ನು ದಿನವಿಡೀ ಅಲುಗಾಡದಂತೆ ಮಲಗಿಸಿದರೆ ಒಳ್ಳೆಯದೆಂಬ ಹಳೆಯ ನಂಬಿಕೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಗರ್ಭಾವಸ್ಥೆಯಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅಲುಗಾಡದೆ ಮಲಗಿದರೆ, ಅದರಲ್ಲೂ ಬಲವಿಲ್ಲದ ಕಾಲಿದ್ದರೆ ಅದು ಇನ್ನೂ ಹೆಚ್ಚು. ಮಲಗಿದಲ್ಲೇ ಪಾದವನ್ನು ಆಡಿಸುವ ವ್ಯಾಯಾಮವನ್ನು ಕೇಳಿ ಕಲಿಯಿರಿ. ತಾನಾಗಿ ಆಡದ ಕಾಲನ್ನು ಮನೆಯವರು ಮೆಲ್ಲಗೆ ಆಡಿಸಲಿ. ಒಂದು ಮೀನಖಂಡ ಮಾತ್ರ ಊದಿ ನೋವಾದರೆ ಅಥವಾ ಹಠಾತ್ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದ ಸಹೋದರಿಯರಿಗೆ ಹಾಸಿಗೆ ಹುಣ್ಣು ನೋವಿಲ್ಲದೆ ಬರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕಾದವರು ಮನೆಯವರು.

ಈಗ ಬಾಗಿಲಾಚೆಯವರೊಡನೆ ಎರಡು ಮಾತು.

ಓ ಸಹೋದರಾ, ಪತ್ನಿಯ ಸೇವೆ ಗಂಡಸಿಗೆ ಅವಮಾನವೆಂದು ನಿಮಗೆ ಯಾರು ಕಲಿಸಿದರು? ಹಿಜ್‌ರಿ 2ನೇ ವರ್ಷ, ಕ್ರಿ.ಶ. 624ರಲ್ಲಿ, ಮುಸ್ಲಿಮರು ಬದ್ರ್‌ಗೆ ಹೊರಟಾಗ ಹಝ್ರತ್ ಉಸ್ಮಾನ್(ರ) ಮದೀನದಲ್ಲೇ ಉಳಿದರು. ಅವರ ಪತ್ನಿ, ಪ್ರವಾದಿಪುತ್ರಿ ರುಕಯ್ಯ(ರ) ಕಾಯಿಲೆ ಬಿದ್ದಿದ್ದರು. ಉಳಿಯಲು ಹೇಳಿದ್ದು ಸ್ವತಃ ಪ್ರವಾದಿವರ್ಯರು(ಸ). ಬದ್ರ್‌ನಲ್ಲಿ ಹೋರಾಡಿದವನ ಪ್ರತಿಫಲವೂ ಯುದ್ಧಾರ್ಜಿತ ಸೊತ್ತಿನ ಪಾಲೂ ಉಸ್ಮಾನರಿಗೆ ಇದೆಯೆಂದು ಅವರು ಘೋಷಿಸಿದರು. ಹಝ್ರತ್ ರುಕಯ್ಯ ಆ ಕಾಯಿಲೆಯಿಂದ ಏಳಲಿಲ್ಲ. ಆದರೂ ಉಸ್ಮಾನರ ಪ್ರತಿಫಲ ಕಡಿಮೆಯಾಗಲಿಲ್ಲ. ಗುಣಪಡಿಸುವವನು ಅಲ್ಲಾಹನು, ಆರೈಕೆ ಮಾತ್ರ ನಮ್ಮ ಪಾಲಿನದು. ಪತ್ನಿಯ ಮಂಚದ ಬಳಿ ಕುಳಿತವನು ಬದ್ರ್‌ನ ಸಾಲಿನಲ್ಲಿ ಎಣಿಸಲ್ಪಟ್ಟನೆಂದ ಮೇಲೆ, ಪತ್ನಿಯ ಬೆಡ್‌ಪ್ಯಾನ್ ಎತ್ತಲು ಹಿಂಜರಿಯುವವನು ಯಾವ ಗೌರವವನ್ನು ಕಾಪಾಡುತ್ತಿದ್ದಾನೆ? ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ.

ಅತ್ತೆಯಂದಿರೇ, ನಾದಿನಿಯರೇ, ನಿಮ್ಮ ಒಂದು ಲೋಟ ಗಂಜಿ ಔಷಧಿಗೆ ಸಮಾನ, ನಿಮ್ಮ ಒಂದು ಚುಚ್ಚುಮಾತು ಗಾಯಕ್ಕೆ ಸಮಾನ. ನೀರು, ಮೊಬೈಲ್, ಕುರ್‌ಆನ್ ಅವಳ ಕೈಗೆ ಎಟುಕುವಲ್ಲಿರಲಿ. ಕರೆಯಲು ಒಂದು ಗಂಟೆ ಇರಲಿ. ಪ್ರತಿಯೊಂದನ್ನೂ ಕೇಳಿ ಪಡೆಯುವ ಸಂಕಟವನ್ನು ಜೀವಮಾನವಿಡೀ ಉಂಡವಳು ಅವಳು. ಕೇಳುವ ಮೊದಲೇ ಕೊಡಿ.

ಜಮಾಅತಿನ ಯುವಕರೇ, ಮಾಸು ಕೆಳಗಿರುವಾಗ ನೋವಿಲ್ಲದೆ ಒಮ್ಮೆಲೇ ರಕ್ತ ಹೋಗಬಹುದು. ಆ ರಾತ್ರಿ ಆಕೆಗೆ ಬೇಕಾದದ್ದು 108ರ ವಾಹನ, ಆಕೆಯನ್ನು ಎತ್ತಿ ಇಳಿಸುವ ಮನೆಯವರ ತೋಳು ಮತ್ತು ರಕ್ತ. ಆಕೆಯ ರಕ್ತದ ಗುಂಪಿನವರು ಮೊಹಲ್ಲಾದಲ್ಲಿ ಯಾರಿದ್ದಾರೆಂದು ಈ ಜುಮುಅದಂದೇ ಬರೆದಿಡಬಾರದೇ? ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ಭಾಷಣದಲ್ಲಿ ಎಷ್ಟು ಬಾರಿ ಕೇಳಿಲ್ಲ!

ಸಹೋದರಿ, ಕೊನೆಯಲ್ಲಿ ಏನಾಗುವುದೆಂದು ನಾನಾಗಲೀ ನೀವಾಗಲೀ ಹೇಳಲಾರೆವು. ಇನ್‌ಶಾ ಅಲ್ಲಾಹ್, ಮಗುವನ್ನು ಎದೆಗಪ್ಪುವ ದಿನ ಬರಲಿ. ಅಲ್ಲಾಹನ ತೀರ್ಮಾನ ಬೇರೆಯಾದರೂ ಅದು ನಿಮ್ಮ ಕಾಲಿನ ತಪ್ಪಲ್ಲ, ನಿಮ್ಮ ಈಮಾನಿನ ತಪ್ಪೂ ಅಲ್ಲ. ಹಾಗೆನ್ನುವ ಅಧಿಕಾರ ಯಾರಿಗೂ ಇಲ್ಲ. ಇಂದಿನ ಸುಬ್‌ಹ್ ನಿಮ್ಮದು. ಮಲಗಿದಲ್ಲಿಂದಲೇ ತಕ್ಬೀರ್ ಹೇಳಿ. ಅದು ಅರ್ಶನ್ನು ತಲುಪಲು ನೀವು ಎದ್ದು ನಿಲ್ಲಬೇಕಾಗಿಲ್ಲ.

ಓ ಅಲ್ಲಾಹ್, ಹಾಸಿಗೆ ಹಿಡಿದ ಎಲ್ಲ ತಾಯಂದಿರಿಗೂ ಸಹನೆಯನ್ನೂ ಸೌಖ್ಯವನ್ನೂ ಕರುಣಿಸು. ಅವರ ಮನೆಮಂದಿಗೆ ಮೃದುವಾದ ನಾಲಗೆಯನ್ನೂ ದಣಿಯದ ಕೈಗಳನ್ನೂ ಕೊಡು. ಆಮೀನ್.