ಕೇಳುಗನೇ ಸರಿಯಿದ್ದರೆ?

ಬಡ ದೇಶಗಳಲ್ಲಿ ಕೆಲಸ ಹೂಡುವ ಅಭಿವೃದ್ಧಿ ಸಂಸ್ಥೆಗಳು ಜನರ ಮಾಧ್ಯಮ ಬಳಕೆಯ ಸಮೀಕ್ಷೆ ಮಾಡಿಸುವುದು ಈಗ ರೂಢಿ. ಎಷ್ಟು ಮನೆಗಳಲ್ಲಿ ರೇಡಿಯೊ ಇದೆ, ಮೊಬೈಲ್ ಯಾರ ಕೈಯಲ್ಲಿರುತ್ತದೆ, ಯಾವ ಭಾಷೆಯ ಕಾರ್ಯಕ್ರಮ ಕೇಳುತ್ತಾರೆ, ಯಾರ ಮಾತು ನಂಬುತ್ತಾರೆ? ವಿಚಾರಿಸುವುದು ಒಳ್ಳೆಯದೇ. ಓದು ಬಾರದವರ ಊರಲ್ಲಿ ಕರಪತ್ರ ಹಂಚುವ ಪೆದ್ದುತನವಾದರೂ ತಪ್ಪುತ್ತದೆ. ಆದರೆ ಹೇಳಬೇಕಾದದ್ದು ಆಗಲೇ ತೀರ್ಮಾನವಾಗಿದೆ, ತಲುಪಿಸುವ ದಾರಿಯೊಂದೇ ಬಾಕಿ ಎಂಬ ನಂಬಿಕೆ ಈ ಪ್ರಶ್ನೆಗಳ ಅಡಿಯಲ್ಲಿದೆ. ಸಮೀಕ್ಷೆ ಆ ನಂಬಿಕೆಯನ್ನೇ ಅಲುಗಿಸುವಂತಿರಬೇಕು ಎಂಬುದು ನನ್ನ ವಾದ.

ಈ ಬಗೆಯ ಅಧ್ಯಯನದ ಹುಟ್ಟಿನಲ್ಲೇ ತೊಡಕಿದೆ. 1950ರ ಸುಮಾರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ, ಈಜಿಪ್ಟ್, ಇರಾನ್ ಮೊದಲಾದೆಡೆ ಜನರ ರೇಡಿಯೊ ಅಭ್ಯಾಸವನ್ನು ವಿಚಾರಿಸಿದ್ದು ಅಮೆರಿಕ ಸರ್ಕಾರದ ಬಾನುಲಿಯಾದ ವಾಯ್ಸ್ ಆಫ್ ಅಮೆರಿಕದ ಉಪಯೋಗಕ್ಕೆ. ಅದೇ ಸಾಮಗ್ರಿಯಿಂದ ಸಮಾಜಶಾಸ್ತ್ರಜ್ಞ ಡೇನಿಯಲ್ ಲರ್ನರ್ 1958ರಲ್ಲಿ ‘ದಿ ಪಾಸಿಂಗ್ ಆಫ್ ಟ್ರೆಡಿಷನಲ್ ಸೊಸೈಟಿ’ ಬರೆದರು. ಅಭಿವೃದ್ಧಿ ಸಂವಹನವೆಂಬ ಶಾಸ್ತ್ರದ ಅಡಿಗಲ್ಲುಗಳಲ್ಲಿ ಅದೂ ಒಂದು. ಅಂಕಾರಾ ಬಳಿಯ ಬಾಲ್ಗಾತ್ ಹಳ್ಳಿಯ ಚಿತ್ರ ಅದರಲ್ಲಿದೆ. ಊರಿಗೆಲ್ಲ ಒಂದೇ ರೇಡಿಯೊ, ಅದೂ ಊರ ಯಜಮಾನನ ಮನೆಯಲ್ಲಿ. ಅಲ್ಲಿ ಸೇರಿದವರು ಸುದ್ದಿ ಕೇಳಿದ ಮೇಲೆ ಯಜಮಾನ ಅದರ ಅರ್ಥ ಬಿಡಿಸಿ ಹೇಳುತ್ತಿದ್ದ. ಹಾಗಾದರೆ ಆ ಊರಿನ ಮಾಧ್ಯಮ ಯಾವುದು, ಪೆಟ್ಟಿಗೆಯೋ ಯಜಮಾನನೋ? ಲರ್ನರ್ ಕಣ್ಣಿಗೆ ಯಜಮಾನ ಕಳೆದುಹೋಗುತ್ತಿರುವ ಕಾಲದವನು. ಅಮೆರಿಕದ ಬದುಕನ್ನು ಕಲ್ಪಿಸಿಕೊಳ್ಳಬಲ್ಲ ಕಿರಾಣಿ ಅಂಗಡಿಯವನು ನಾಳಿನ ಮನುಷ್ಯ. ಅಷ್ಟು ಒಳ್ಳೆಯ ವಿವರ ಕೈಗೆ ಸಿಕ್ಕಿದ್ದರೂ ಅಳತೆಗೋಲು ಮಾತ್ರ ಅಳೆಯುವವರದೇ ಆಗಿ ಉಳಿಯಿತು.

ಇದರ ಬೆಲೆ 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಗೊತ್ತಾಯಿತು. ಸಿಯೆರಾ ಲಿಯೋನ್‌ನಲ್ಲಿ ಆ ಆಗಸ್ಟ್ ಹೊತ್ತಿಗೆ ರೋಗದ ಹೆಸರು ಕೇಳದವರೇ ವಿರಳ. ಹೆಚ್ಚಿನವರಿಗೆ ಸುದ್ದಿ ಮುಟ್ಟಿಸಿದ್ದು ರೇಡಿಯೊ. ಪ್ರಸಾರದ ಲೆಕ್ಕದಲ್ಲಿ ಪೂರ್ಣ ಯಶಸ್ಸು. ಆದರೂ ಜನ ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಹೂಳಿದರು. ಇದಕ್ಕೆ ಮದ್ದಿಲ್ಲವೆಂದು ಮೊದಮೊದಲ ಪ್ರಚಾರ ಸಾರಿತ್ತು; ಮದ್ದಿಲ್ಲದ ಕಾಯಿಲೆಗೆ ಆಸ್ಪತ್ರೆ ಯಾಕೆ ಎಂದು ಅದನ್ನು ಕೇಳಿಸಿಕೊಂಡವರು ಯೋಚಿಸಿದರು. ಮುಸುಕುಧಾರಿ ಅಪರಿಚಿತರು ತಮ್ಮವರ ಶವವನ್ನು ಚೀಲದಲ್ಲಿ ಹೊತ್ತೊಯ್ಯುವುದು, ಪ್ರಾರ್ಥನೆಯಿಲ್ಲದೆ ಮಣ್ಣು ಮಾಡುವುದು ಅವರಿಗೆ ಸಹಿಸಲಾಗದ ಅವಮಾನವಾಗಿತ್ತು. ಸಂದೇಶ ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಸಂಘಟನೆಗಳ ಜೊತೆ ಸೇರಿ, ಸುರಕ್ಷಿತವೂ ಗೌರವಯುತವೂ ಆದ ಸಂಸ್ಕಾರದ ಕ್ರಮವನ್ನು ಹೊರತಂದಿತು. ಮುಟ್ಟುವಂತಿಲ್ಲ, ಆದರೆ ಮನೆಯವರು ಜೊತೆಗಿದ್ದು ಪ್ರಾರ್ಥಿಸಬಹುದು. ಇಲ್ಲಿ ತಿದ್ದುಪಡಿಯಾದದ್ದು ಸಂಸ್ಥೆಗಳ ನಡೆ.

ಕೇಳುಗ ಹೇಳಿದ್ದೆಲ್ಲ ಸರಿಯಾದರೆ ವದಂತಿಗೂ ಮಣೆ ಹಾಕಬೇಕೇ ಎಂದು ಯಾರಾದರೂ ಕೇಳಬಹುದು. ಬೇಕಿಲ್ಲ. ಶವದಿಂದ ಸೋಂಕು ತಗಲುತ್ತದೆಂಬ ಸತ್ಯ ಜನಾಭಿಪ್ರಾಯಕ್ಕೆ ಬಗ್ಗುವುದಿಲ್ಲ. ಆದರೆ ಶವವನ್ನು ಅನಾಥವಾಗಿ ಹೂಳಬೇಕೆಂಬ ನಿಯಮ ಆ ಸತ್ಯದಿಂದ ತಾನಾಗಿ ಹುಟ್ಟಿದ್ದಲ್ಲ; ಅದು ಯಾರೋ ತೆಗೆದುಕೊಂಡ ನಿರ್ಧಾರ. ಸತ್ಯಕ್ಕೂ ನಿಯಮಕ್ಕೂ ನಡುವೆ ಇರುವ ಈ ಜಾಗದಲ್ಲಿ ಜನರಿಗೆ ಹಕ್ಕಿದೆ. ವಿಜ್ಞಾನದ ಹೆಸರಲ್ಲಿ ಅದನ್ನೂ ಆಕ್ರಮಿಸಿಕೊಂಡವರಿಗೆ ಪ್ರತಿಯೊಂದು ಆಕ್ಷೇಪವೂ ಅಜ್ಞಾನವಾಗಿಯೇ ಕಾಣುತ್ತದೆ.

ಯೋಜನೆ ಬರೆದು, ಹಣ ಹಂಚಿ ಮುಗಿದ ಮೇಲೆ ನಡೆಯುವ ಸಮೀಕ್ಷೆ ಪ್ರಚಾರದ ಅಧ್ಯಾಯವನ್ನಷ್ಟೇ ತಿದ್ದಬಲ್ಲದು. ಆದ್ದರಿಂದ ಹಣ ಕೊಡುವವರು ಎರಡು ಷರತ್ತು ಹಾಕಲಿ. ಸಮೀಕ್ಷೆ ಮುಗಿಯುವತನಕ ಬಜೆಟ್ಟಿನ ಒಂದು ಪಾಲು ಯಾವ ಬಾಬ್ತಿಗೂ ಸೇರದೆ ಉಳಿಯಬೇಕು. ಜನರ ಮಾತಿನಿಂದ ಕೈಬಿಟ್ಟ, ಬದಲಿಸಿದ ಕೆಲಸ ಯಾವುದೆಂದು ವರದಿ ಹೇಳಬೇಕು. ಹೇಳಲು ಏನೂ ಇಲ್ಲವಾದರೆ, ತಾವು ಮಾಡಿಸಿದ್ದು ಬರೀ ಮಾರುಕಟ್ಟೆ ಸಮೀಕ್ಷೆ ಎಂದು ಒಪ್ಪಿಕೊಳ್ಳಲಿ.